ಗುಳಿಗೆ ನುಂಗಿದ ಕೌದಿ

“ನಂಗ ಎಪ್ಪತ್ತೆರಡು. ಇವತ್ತಿನ ತನ ಒಂದು ಗುಳಗಿ ನುಂಗಿಲ್ಲ. ಬಂದ ರೋಗ ಎಲ್ಲಾ ಕೌದ್ಯಾಗ ಹಾಕಿ ಹೊಲದುಬಿಟ್ಟೀನಿ. ಯಮ ಎರಡು ಸರ್ತಿ ಬಂದಿದ್ದ. ಸೂಜಿ ತೋರ್ಸಿದೆ, ಓಡಿ ಹೋದ!”

ಕಮಲಾಪುರದಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಪುತಳಾಬಾಯಿ ಹೀಗೆಂದಾಗ ಮುಂದಿನ ಮೂರು ಸೀಟಿನವರು ತಿರುಗಿ ನೋಡಿದರು. ಅವರು ಮತ್ತೆ ಮುಂದಕ್ಕೆ ತಿರುಗಿದ ಮೇಲೆ ಆಕೆ ಪಕ್ಕದ ಕಾಲೇಜು ಹುಡುಗಿಯ ಕಿವಿಗೆ ಬಾಗಿದಳು.

“ಅರ್ಧ ಸುಳ್ಳವ್ವ.”

ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಒಳಗೆ ಬಿಪಿ ಗುಳಿಗೆಯ ಪಟ್ಟಿಯಿತ್ತು. “ಎರಡು ವರ್ಷಾತು, ದಿನಾ ಮುಂಜಾನಿ ಒಂದು. ಅದನ್ನೂ ಹೇಳಿದ್ರ ಮಾತಿಗಿ ರುಚಿ ಬರಂಗಿಲ್ಲ ನೋಡು.”

ಆಕೆ ಹೊರಟಿದ್ದು ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ತಂಗಿ ಚಂದಮ್ಮನ ಮನೆಗೆ. ಒಂದು ಚೀಲದಲ್ಲಿ ಕೆಂಪು ಬಾಳೆಹಣ್ಣು, ಇನ್ನೊಂದರಲ್ಲಿ ಹೊದೆಯುವ ಕೌದಿ ಹೊಲಿಯಲು ಹಳೆಯ ಸೀರೆಗಳು.

ಚಂದಮ್ಮನಿಗೆ ಐವತ್ತೆಂಟು. ಮೂರು ತಿಂಗಳಿಂದ ತಲೆನೋವು, ನಿದ್ದೆಯಿಲ್ಲ. ಬಿಪಿ ನೂರೆಪ್ಪತ್ತು ದಾಟಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರು. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಮನಸ್ಸಿಗೆ ಹಿಡಿಸುವ ಒಂದು ಹವ್ಯಾಸ ಇಟ್ಟುಕೊಳ್ಳಿ, ಹೀಗೇ ಬಿಟ್ಟರೆ ಲಕ್ವ ಹೊಡೆಯಬಹುದು ಎಂದೂ ಹೇಳಿದ್ದರು. ಮಗಳು ಪ್ರೀತಿ ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿಯೇ ಹಾಸಿಗೆ ಹಿಡಿದರೆ ಬಾಣಂತನ ಮಾಡುವವರು ಯಾರು? ಈ ಚಿಂತೆಯಲ್ಲಿ ಬಿಪಿ ಇನ್ನೆರಡು ಮೆಟ್ಟಿಲು ಹತ್ತುತ್ತಿತ್ತು.

ಅಡುಗೆಮನೆ ಸೊಸೆಯ ಕೈಗೆ ಹೋದ ಮೇಲೆ ಚಂದಮ್ಮನಿಗೆ ಟೀವಿ ಮುಂದೆ ಕೂರುವುದೊಂದೇ ಕೆಲಸ. ಧಾರಾವಾಹಿಯವರು ಅತ್ತರೆ ಇವಳೂ ಅಳುತ್ತಿದ್ದಳು. ಜಾಹೀರಾತು ಬಂದಾಗ ಮಾತ್ರ ಉಸಿರಾಡುತ್ತಿದ್ದಳು.

“ಹವ್ಯಾಸ ಅಂತ ಹವ್ಯಾಸ! ಕೆಲಸಿಲ್ಲದವರು ಮಾಡೋದು ಯಕ್ಕಾ ಅದು,” ಎಂದಳು ಚಂದಮ್ಮ.

“ನೀ ಏನ್ ತಾಲೂಕ ಕಚೇರಿ ನಡಸ್ಲಾಕತ್ತೀ? ಕುಂತು ಕುಂತು ಸೋಫಾಕ್ಕ ಕುಣಿ ಬಿದ್ದಾದ.”

“ಈ ವಯಸ್ಸಿನ್ಯಾಗ ನಂಗೇನ್ ಬರ್ತದ?”

“ಸಣ್ಣಾಕಿ ಇದ್ದಾಗ ನನಕಿಂತ ಸಣ್ಣ ಹೊಲಿಗಿ ಹಾಕ್ತಿದ್ದಿ. ಅವ್ವ ನಿನ್ನ ಕೌದಿ ಮಂದಿಗಿ ತೋರ್ಸ್ತಿದ್ಲು. ನಂದು ಎಮ್ಮಿಗಿ ಹೊದಸ್ತಿದ್ಲು. ಆ ಸಿಟ್ಟು ನಂಗ ಇನ್ನೂ ಹೋಗಿಲ್ಲ. ತಗೋ ಸೂಜಿ. ಮೊಮ್ಮಗನಿಗೋ ಮೊಮ್ಮಗಳಿಗೋ ತೊಟ್ಟಿಲ ಕೌದಿ ಹೊಲಿ.”

ಅಂದೇ ಸೀರೆಗಳು ಅಂಗಳದಲ್ಲಿ ಹರಡಿದವು. ಮೊದಲ ದಿನ ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿತು. ಮೂರನೆಯ ದಿನ ಹೊಲಿಗೆ ಸಾಲು ಹಿಡಿಯಿತು. ದಾರ ತರಲು ಅಕ್ಕತಂಗಿಯರು ಮೋಮಿನಪುರದ ತನಕ ನಡೆದೇ ಹೋದರು. ಪಕ್ಕದ ಮನೆಯ ಹೆಂಗಸರು ತಮ್ಮ ಚಿಂದಿ ತಂದು ಕಟ್ಟೆಯ ಮೇಲೆ ಕೂತರು. ಟೀವಿ ಒಬ್ಬಂಟಿಯಾಯಿತು. ಗುಳಿಗೆಯನ್ನೂ ನುಂಗುತ್ತಿದ್ದ ಚಂದಮ್ಮ ವಾರದೊಳಗೆ ಚೆನ್ನಾಗಿ ನಿದ್ದೆ ಮಾಡತೊಡಗಿದಳು, ತಲೆನೋವೂ ಹೋಯಿತು. ಓಣಿಗೆಲ್ಲ ಗೊರಕೆ ಕೇಳುತ್ತದೆ ಎಂದು ಪುತಳಾಬಾಯಿ ಹೇಳಿಕೊಂಡು ತಿರುಗಿದಳು. ಕೇಳುತ್ತಿದ್ದುದು ಪಡಸಾಲೆಯ ತನಕ ಮಾತ್ರ.

ಹದಿನೈದು ದಿನಕ್ಕೆ ಕೌದಿಯಲ್ಲಿ ಒಂದು ಚಿಂದಿಯಷ್ಟೇ ಜಾಗ ಉಳಿಯಿತು. ಕೌದಿ ಉಪವಾಸ ಇರಬಾರದು ಎಂದು ಕೊನೆಯ ಚಿಂದಿ ಮುಚ್ಚುವ ಮೊದಲು ಒಳಗೆ ಒಂದು ಚೂರು ಒಣ ರೊಟ್ಟಿ ಇಡುವುದು ಅವರ ಮನೆಯ ಪದ್ಧತಿ. ಊರಿಗೆ ಹೋಗಿ ಬರಲು ಎದ್ದ ಪುತಳಾಬಾಯಿ ಚಪ್ಪಲಿ ಮೆಟ್ಟುತ್ತ ಹೇಳಿದಳು:

“ಅದರ ಹೊಟ್ಟಿ ತುಂಬಸು ಮರೀಬ್ಯಾಡ. ಹೊಟ್ಟಿ ತುಂಬಿದ ಕೌದಿ ರೋಗ ನುಂಗ್ತದ. ನನ್ನ ನೋಡು, ಒಂದು ಗುಳಗಿ ಇಲ್ದೆ ಗುಂಡಕಲ್ಲಿನಂಗ ಅದೀನಿ!”

ಹತ್ತು ದಿನ ಬಿಟ್ಟು ಮರಳಿ ಬಂದಾಗ ಚಂದಮ್ಮ ಮಂಚದ ಮೇಲಿದ್ದಳು. ಬೆಳಗ್ಗೆ ತಲೆ ತಿರುಗಿ ಗೋಡೆ ಹಿಡಿದು ಕುಸಿದಿದ್ದಳು. ಮನೆಮನೆಗೆ ಬಿಪಿ ನೋಡಲು ಬರುವ ಆರೋಗ್ಯ ಕಾರ್ಯಕರ್ತೆ ಇಕ್ಬಾಲ್ ಬೇಗಂ ಆಕೆಯ ತೋಳಿಗೆ ಬಿಪಿ ಯಂತ್ರದ ಪಟ್ಟಿ ಕಟ್ಟಿದ್ದಳು.

“ನೂರಾ ತೊಂಬತ್ತು! ಅಕ್ಕಾ, ಗುಳಗಿ ಎಲ್ಲಿ? ತೋರ್ಸ್ರಿ.”

ಚಂದಮ್ಮ ಕೌದಿಯ ಕಡೆ ಬೆರಳು ಮಾಡಿದಳು. ಪ್ರೀತಿ ಕೌದಿಯನ್ನು ಒತ್ತಿದಳು. ಒಳಗೆ ಚರಚರ ಸದ್ದಾಯಿತು.

“ಯವ್ವಾ, ಏನ್ ಇಟ್ಟೀದಿ ಇದರಾಗ?”

“ರೊಟ್ಟಿ ಬದ್ಲಿ ಗುಳಗಿ ಇಟ್ಟೀನಿ. ನಿದ್ದಿ ಬರ್ಲಾಕತ್ತಿತ್ತು, ತಲಿನೋವು ಹೋಗಿತ್ತು. ಅಕ್ಕ ನುಂಗಂಗಿಲ್ಲ, ನಂಗ್ಯಾಕ ಅಂತಂದೆ. ಕೌದೀನೇ ನುಂಗ್ಲಿ.”

ಎಂಟು ಊರಿನವರನ್ನು ಮಾತಿನಲ್ಲಿ ಸೋಲಿಸುವ ಪುತಳಾಬಾಯಿ ಚೀಲ ಕೆಳಗಿಟ್ಟಳು. ನಿಂತಲ್ಲೇ ಸೆರಗಿನ ಗಂಟು ಬಿಚ್ಚಿ ತನ್ನ ಗುಳಿಗೆಯ ಪಟ್ಟಿಯನ್ನು ತಂಗಿಯ ಕೈಯಲ್ಲಿಟ್ಟಳು.

“ನಂದೂ ದಿನಾ ಒಂದು ಅದ, ತಂಗಿ. ಎರಡು ವರ್ಷಾತು.”

“ಎರಡು ವರ್ಷ ನನ್ ಮುಂದ ಸುಳ್ಳ ಹೇಳೀದಿ?”

“ನಿನ್ ಮುಂದ ಅಷ್ಟ ಅಲ್ಲ. ಇಡೀ ಕಮಲಾಪುರದ ಮುಂದ.”

ನಗಬೇಕೋ ಬೈಯಬೇಕೋ ಇಕ್ಬಾಲ್ ಬೇಗಂಗೆ ತಿಳಿಯಲಿಲ್ಲ. ಬೈಯುವುದನ್ನೇ ಆರಿಸಿಕೊಂಡಳು. “ಆಯಿ, ನಿಮ್ಮ ಬಾಯಿಗಿ ಮೊದ್ಲ ಹೊಲಿಗಿ ಹಾಕ್ಬೇಕು. ಯಾರರ ಖರೆ ಅಂತ ನಂಬಿದ್ರ ಜೀವಕ್ಕ ಬರ್ತದ.”

“ಹಾಕ್ರಿ. ಆದ್ರ ಈಕೀನ ಮೊದ್ಲ ದವಾಖಾನಿಗಿ ಒಯ್ರಿ,” ಎಂದು ಪುತಳಾಬಾಯಿಯೇ ಆಟೋ ಕರೆತರಲು ಹೊರಟಳು.

ಡಾಕ್ಟರು ಮಧ್ಯಾಹ್ನದ ತನಕ ಇರಿಸಿಕೊಂಡು, ಗುಳಿಗೆ ಮತ್ತೆ ಶುರುಮಾಡಿ ಕಳಿಸಿದರು. ಮನೆಗೆ ಬಂದ ಚಂದಮ್ಮ ಸೂಜಿ ಡಬ್ಬಿಯನ್ನು ದೂರ ತಳ್ಳಿದಳು. “ಸಾಕು. ಈ ಹವ್ಯಾಸದಿಂದೇ ಇಷ್ಟೆಲ್ಲಾ ಆತು.”

“ಅದರದೇನ್ ತಪ್ಪದ ಅಕ್ಕಾ?” ಎಂದಳು ಇಕ್ಬಾಲ್ ಬೇಗಂ. “ಸೂಜಿ ಹಿಡದ ಮ್ಯಾಲ ಮನಸ್ಸು ತಣ್ಣಗಾತು, ನಿದ್ದಿ ಬಂತು, ನಾಕು ಮಂದಿ ಕೂಡ ನಗ್ಲಾಕತ್ತಿರಿ. ಅದು ಖರೆನೇ ಅದ. ಆದ್ರ ಗುಳಗಿ ಮಾಡೋ ಕೆಲಸ ಸೂಜಿ ಮಾಡಂಗಿಲ್ಲ. ಎರಡೂ ಬೇಕು. ಆರಾಮ ಅನಿಸ್ತು ಅಂತ ಡಾಕ್ಟರ್‌ಗ ಕೇಳ್ದೆ ಗುಳಗಿ ಬಿಡಬಾರ್ದು. ಅರ್ಧ ತಾಸಿಗೊಮ್ಮಿ ಎದ್ದು ಅಂಗಳದಾಗ ತಿರಗ್ರಿ, ಕಣ್ಣಿಗೂ ನಡಕ್ಕೂ ಆರಾಮ.”

“ನೀವೇನ್ ಮಾಡ್ತೀರಿ ಬೇಗಂ, ನಮಗಷ್ಟ ಹೇಳ್ತೀರಿ?” ಎಂದಳು ಚಂದಮ್ಮ.

“ನಮ್ಮ ಮಾಳಗಿ ಮ್ಯಾಲ ಇಪ್ಪತ್ತು ಡಬ್ಬಿ ಗುಲಾಬಿ ಅವ. ಮನ್ಯಾಗ ಯಾರ ಮ್ಯಾಲರ ಸಿಟ್ಟು ಬಂದ್ರ ನೀರು ಹಾಕ್ಲಿಕ್ಕಿ ಹೋಗ್ತೀನಿ. ದಿನಾ ಮೂರು ಸರ್ತಿ ಹಾಕ್ತೀನಿ ನೋಡ್ರಿ!”

ಚಂದಮ್ಮ ನಕ್ಕಳು. ಸೂಜಿ ಡಬ್ಬಿ ಮತ್ತೆ ಹತ್ತಿರ ಬಂತು. ಪುತಳಾಬಾಯಿ ಕೌದಿಯ ಕೊನೆಯ ಚಿಂದಿ ಬಿಚ್ಚಿ ಗುಳಿಗೆ ಹೊರತೆಗೆದು, ರೊಟ್ಟಿ ಚೂರಿಟ್ಟು ಮತ್ತೆ ಹೊಲಿದಳು. ಆಕೆ ಬಾಯಿ ಮುಚ್ಚಿಕೊಂಡು ಹೊಲಿದದ್ದು ಅದೇ ಮೊದಲು.

ತಿಂಗಳು ಕಳೆಯಿತು. ಪ್ರೀತಿಗೆ ದಿನ ತುಂಬುತ್ತಾ ಬಂತು. ಒಂದು ಬೆಳಗ್ಗೆ ಕಟ್ಟೆಯ ಮೇಲೆ ಆರು ಹೆಂಗಸರು ಹೊಲಿಯುತ್ತಿದ್ದಾಗ ಇಕ್ಬಾಲ್ ಬೇಗಂ ಬಂದು ಚಂದಮ್ಮನ ತೋಳಿಗೆ ಪಟ್ಟಿ ಕಟ್ಟಿದಳು. ಆರೂ ಸೂಜಿಗಳು ನಿಂತವು. ಯಂತ್ರ ಕೂಗಿತು. ಇಕ್ಬಾಲ್ ಬೇಗಂ ಅಂಕಿ ನೋಡಿ, ಯಂತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಓದುವ ಅಕ್ಕ, ಕೇಳುವ ಅಣ್ಣ, ನಿಮ್ಮ ಕೈಗೆ ಹಿಂದೆ ಬರುತ್ತಿದ್ದ ಕೆಲಸ ಯಾವುದು? ಹಾಡೇ, ರಂಗೋಲಿಯೇ, ಹೂಗಿಡವೇ, ಚೌಕಾಬಾರವೇ? ಇವತ್ತೇ ಅದಕ್ಕೆ ಅರ್ಧ ತಾಸು ಕೊಡಿ. ಜೊತೆಗೆ ಇನ್ನೊಬ್ಬರನ್ನು ಕರೆಯಿರಿ. ಬಿಪಿ ನೋಡಿಸಿಕೊಳ್ಳಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ನೀವೇ ನುಂಗಿ.

ಇನ್ನು ಆ ಅಂಕಿ. ಅವತ್ತು ಸಂಜೆ, ಇಕ್ಬಾಲ್ ಬೇಗಂ “ಹೋಗಿ ಬರ್ರಿ” ಎಂದ ಮೇಲೆ, ಚಂದಮ್ಮ ಮಗಳ ಬಾಣಂತನಕ್ಕೆ ಬೇಕಾದ ಅಳವಿ ಬೀಜ, ಕೊಬ್ಬರಿ, ಬೆಲ್ಲ ತರಲು ಚೀಲ ಹಿಡಿದು ನಡೆದೇ ಬಜಾರಿಗೆ ಹೋದಳು. ಪುತಳಾಬಾಯಿ ಅವಳ ಹಿಂದೆ ಏದುಸಿರು ಬಿಡುತ್ತ, “ನಿಲ್ಲವ್ವ, ನಾ ಮುದುಕಿ ಇದೀನಿ,” ಎಂದು ಕೂಗುತ್ತಿದ್ದಳು. ಯಂತ್ರದಲ್ಲಿ ಎಷ್ಟು ಬಂದಿರಬಹುದು? ನೀವೇ ಹೇಳಿ ನೋಡೋಣ.