ಹಕ್ಕಿಯ ಪಾಲು

ಈ ಸಲ ನನ್ನ ದಾಳಿಂಬೆಯೆಲ್ಲ ಹೊರಗೆ ಕೆಂಪು, ಒಳಗೆ ಕಪ್ಪು ಪುಡಿ. ಪುಡಿಯ ನಡುವೆ ಹುಳು. ಸಂಜೆ ಮರದ ಸುತ್ತ ಹಾರುವ ಬೂದು ಪತಂಗದ ಮರಿ ಅದು. ಉಗುರಿನಷ್ಟೂ ಇಲ್ಲ, ತೋಟವನ್ನೇ ನುಂಗುತ್ತದೆ ಹಾಳಾದ್ದು! ದಾಳಿಂಬೆಗೇ ಹೆಸರಾದ ನಮ್ಮ ಸಾವೆ ಊರಿನಲ್ಲಿ ಈ ಪತಂಗ ಯಾರಿಗೆ ಹೊಸದು? ಆದರೆ ಗೋಡೆಯಾಚೆ ಗುಲಂದಾಮ್‌ಳ ತೋಟದಲ್ಲಿ ಬುಟ್ಟಿ ಬುಟ್ಟಿ ಒಳ್ಳೆಯ ಹಣ್ಣು ಇಳಿಯಿತು.

"ಅವಳ ಕಣ್ಣು ಬಿದ್ದಿದೆ ಕಣೇ" ಎಂದೆ ತಂಗಿ ಬತೂಲ್‌ಗೆ.

"ಅಕ್ಕಾ, ಅವಳು ನಿನ್ನ ಬೀಗಿತ್ತಿ ಆಗೋಳು."

"ಆಗೋಳು ತಾನೆ? ಇನ್ನೂ ಆಗಿಲ್ವಲ್ಲ!"

ನನ್ನ ಮಗ ಫರ್ರೋಖ್‌ಗೂ ಅವಳ ಮಗಳು ಮಾಹ್‌ರೂಗೂ ನಿಶ್ಚಯವಾಗಿತ್ತು. ಒಬ್ಬರೆಂದರೆ ಒಬ್ಬರಿಗೆ ಪ್ರಾಣ. ಹಾಗಂತ ಕೆಟ್ಟ ಕಣ್ಣಿನ ಮನೆಯಿಂದ ಸೊಸೆ ತರಲೇ? ದೃಷ್ಟಿ ತೆಗೆಯುವ ಇಸ್ಫಂದ್ ಬೀಜ ಕೆಂಡಕ್ಕೆ ಸುರಿದು ಮರಮರಕ್ಕೂ ಹೊಗೆ ಹಾಕಿದೆ. ಸಮಾಧಾನವಾಗಲಿಲ್ಲ.

ಮೇಲಾಗಿ ತುದಿಕೊಂಬೆಯ ಹಣ್ಣುಗಳು ಮಾಯವಾಗತೊಡಗಿದವು. ಬಿರಿದ, ಒಣಗಿದ ಹಣ್ಣನ್ನು ಮರದಲ್ಲೇ ಬಿಡುವುದು ನಮ್ಮತ್ತೆಯ ಕಾಲದ ಪದ್ಧತಿ. ಅದು ಹಕ್ಕಿಯ ಪಾಲು, ಪುಣ್ಯದ ಕೆಲಸ. ಹುಳುಕು ಹಣ್ಣನ್ನು ಕದಿಯುವುದು ಮಾಟಕ್ಕಲ್ಲದೆ ಮತ್ತೇತಕ್ಕೆ?

ಇಂದು ಬೆಳಗ್ಗೆ ಫರ್ರೋಖ್ ಕೆಲಸಕ್ಕೆ ಹೋದದ್ದೇ ತಡ, ಬತೂಲ್‌ಳನ್ನು ಗುಲಂದಾಮ್‌ಳ ಮನೆಗೆ ಕಳಿಸಿದೆ. "ಈ ಸಂಬಂಧ ಬೇಡ ಅಂತ ಹೇಳಿ, ಹುಡುಗಿ ಕೈಯಿಂದ ನಿಶ್ಚಯದ ಉಂಗುರ ಬಿಚ್ಚಿಸ್ಕೊಂಡು ಬಾ."

ಆಮೇಲೆ ತೋಟಕ್ಕೆ ಬಂದರೆ, ನನ್ನ ಮರದ ಕೆಳಗೆ ಗುಲಂದಾಮ್! ಕೈಯಲ್ಲಿ ಕೊಕ್ಕೆಕೋಲು, ಮಡಿಲ ತುಂಬ ಒಣಗಿದ ಹಣ್ಣು.

"ಸಿಕ್ಕಿಬಿದ್ಯಾ, ಮಾಟಗಾತಿ!"

"ಅಯ್ಯೋ, ಎದೆ ಒಡ್ದೋಯ್ತು, ತೂಬಾ ಅಕ್ಕಾ" ಎಂದು ಅವಳು ಒಂದು ಹಣ್ಣು ಸೀಳಿ ನನ್ನ ಮುಂದೆ ಹಿಡಿದಳು. ಒಳಗೆ ಹುಳುಗಳು ಮುದುಡಿ ಮಲಗಿದ್ದವು. "ಇದನ್ನ ಯಾವ ಹಕ್ಕಿ ತಿನ್ನುತ್ತೆ? ಚಳಿಗಾಲವೆಲ್ಲ ಇದ್ರೊಳಗೆ ಬೆಚ್ಚಗಿದ್ದು, ಆಮೇಲೆ ಪತಂಗ ಆಗಿ ಹೊಸ ಹಣ್ಣಿಗೆ ಮೊಟ್ಟೆ ಇಡುತ್ತೆ. ನನ್ನ ಮರದ್ದೆಲ್ಲ ಹೋದ ವರ್ಷವೇ ಕಿತ್ತು ಸುಟ್ಟೆ. ಈಗ ನಿಂದು."

"ಹೇಳೋಕೇನಾಗಿತ್ತು? ಬಾಯಿ ಬಿದ್ದೋಗಿತ್ತಾ?"

"ಹೇಳಿದ್ರೆ ಸುಮ್ನಿರ್ತಿದ್ಯಾ? ನಿಮ್ಮತ್ತೆ ಪುಣ್ಯಕ್ಕೆ ನಾನು ಕಲ್ಲು ಹಾಕ್ದೆ ಅಂತ ಊರೆಲ್ಲ ಸಾರ್ತಿದ್ದೆ."

ನಿಜ, ಸಾರುತ್ತಿದ್ದೆ.

ಅವಳು ನಕ್ಕಳು. "ನನ್ನ ಮಗಳು ಬಾಳೋ ತೋಟ ಅಕ್ಕ ಇದು. ಹುಳ ತುಂಬಿರೋ ಕಡೆಗೆ ಕಳಿಸ್ಲಾ ಅವಳನ್ನ?"

ಬತೂಲ್‌ಳನ್ನು ತಡೆಯಬೇಕೆಂದು ತಿರುಗಿದೆ. ಅವಳು ಆಗಲೇ ತೋಟದ ಬಾಗಿಲಲ್ಲಿ ನಿಂತಿದ್ದಳು.

"ತಗೊಂಡು ಬಂದೆ ಅಕ್ಕಾ" ಎಂದಳು ಬತೂಲ್. "ಹುಡುಗಿ ಬೆರಳಿಂದ ಬರ್ಲೇ ಇಲ್ಲ ಉಂಗುರ. ಸೋಪು ಹಚ್ಚಿ ಎಳೆದು ಕೊಟ್ಟಳು."

"ಯಾವ ಉಂಗುರ?" ಎಂದಳು ಗುಲಂದಾಮ್.