ಊಟದ ಉಪ್ಪು, ಹಂದಿಯ ಉಪ್ಪು

ನನ್ನ ಮನೆಯ ಗಂಜಿಗೆ ಎಷ್ಟು ಉಪ್ಪು ಬೀಳಬೇಕೆಂದು ರಾಜನಿಗೆ ಚಿಂತೆಯಂತೆ, ಅಷ್ಟು ದೂರದ ಅರಮನೆಯಲ್ಲಿ ಕೂತು! ಎಂಟು ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೆ ಇಂತಿಷ್ಟು ಉಪ್ಪನ್ನು ಅವನ ಉಗ್ರಾಣದಿಂದಲೇ ಕೊಳ್ಳಬೇಕು, ಬೇಕಿರಲಿ ಬೇಡವಾಗಿರಲಿ. ಕೊಂಡ ಮೇಲಾದರೂ ಅದು ನಮ್ಮದೇ? ಎಲ್ಲಿ ಬಂತು! ಮಡಕೆಗೆ ಹಾಕಬಹುದು, ಮೇಜಿನ ಮೇಲೆ ಇಡಬಹುದು, ಅಷ್ಟೆ. ಚಳಿಗಾಲಕ್ಕೆಂದು ಮಾಂಸಕ್ಕೆ ಉಪ್ಪು ಹಚ್ಚಿಡಬೇಕಾದರೆ ಅದಕ್ಕೆ ಬೇರೆಯೇ ಉಪ್ಪು ಕೊಳ್ಳಬೇಕು. ನಮ್ಮ ಆಂಜು ಪ್ರಾಂತ್ಯದ ಪಾಡು ಇದು. ಹೊಳೆ ದಾಟಿದರೆ ಬ್ರಿಟನಿ ಪ್ರಾಂತ್ಯ, ಅಲ್ಲಿ ಉಪ್ಪೆಂದರೆ ಮಣ್ಣಿನಷ್ಟು ಅಗ್ಗ. ಅಲ್ಲಿಗೂ ಇವನೇ ರಾಜ, ನೋಡಿ! ಆದರೆ ಅಲ್ಲಿಂದ ಒಂದು ಹಿಡಿ ತಂದು ಸಿಕ್ಕಿಬಿದ್ದ ಗಂಡಸನ್ನು ರಾಜನ ಹಡಗಿಗೆ ಕಳಿಸಿ, ಸರಪಳಿ ಬಿಗಿದು ಹುಟ್ಟು ಹಾಕಿಸುತ್ತಾರೆ. ನನ್ನ ಗಂಡ ಹಾಗೆ ಹೋದವನು, ತಿರುಗಿ ಬಂದಿಲ್ಲ.

ಉಳಿದವರು ನಾನು, ಮಾವ ಎಮೆರಿ, ನನ್ನ ಇಬ್ಬರು ಹೆಣ್ಣುಮಕ್ಕಳು. ಆ ವರ್ಷ ಸಪ್ಪೆ ಗಂಜಿ ಕುಡಿದುಕೊಂಡೇ ಊಟದ ಉಪ್ಪನ್ನು ಉಳಿಸಿದೆವು. ಚಳಿಗಾಲದ ಹೊಸ್ತಿಲಲ್ಲಿ ಬರುವ ಸಂತ ಮಾರ್ತಿನನ ಹಬ್ಬಕ್ಕೆ ಹಂದಿ ಕಡಿದು, ಅದೇ ಉಪ್ಪನ್ನು ತಿಕ್ಕಿ ತೊಟ್ಟಿ ತುಂಬಿಸಿದೆವು. ವಸಂತ ಬರುವವರೆಗೆ ನಾಲ್ಕು ಹೊಟ್ಟೆಗೆ ಇದ್ದದ್ದು ಆ ಹಂದಿಯೊಂದೇ.

ಮರುದಿನ ಬೆಳಿಗ್ಗೆ ಉಪ್ಪಿನ ಕಾವಲುಗಾರರ ಮುಖಂಡ ಲಾಂಬೇರ್ ತನ್ನ ಆಳುಗಳೊಂದಿಗೆ ಒಳಗೆ ನುಗ್ಗಿದ. ತೊಟ್ಟಿಗೆ ಕೈ ಹಾಕಿ ಬೆರಳು ನೆಕ್ಕಿದ.

"ಯಾವ ಉಪ್ಪಮ್ಮಾ ಇದು?"

"ನಿಮ್ದೇ ಸ್ವಾಮಿ, ನಿಮ್ ಉಗ್ರಾಣದ್ದೇ. ಚೀಟಿ ತೋರಿಸ್ಲಾ?"

"ಅದು ಊಟದ ಉಪ್ಪು. ಹಂದಿಗೆ ಹಾಕೋ ಹಾಗಿಲ್ಲ."

"ಹಂದೀನ ನಾವೇನು ಇಗರ್ಜಿಗೆ ಕರ್ಕೊಂಡ್ ಹೋಗ್ತೀವಾ? ಅದೂ ಊಟಕ್ಕೇ ಅಲ್ವಾ?"

"ಬಾಯಿ ಜಾಸ್ತಿ ಆಯ್ತು ನಿಂದು. ಉಪ್ಪು ರಾಜರದ್ದು, ಅವರು ಹೇಳ್ದಂಗೆ ಬಳಸ್ಬೇಕು."

"ಮತ್ತೆ ಹಂದಿ ಯಾರ್ದು?"

ಅವನು ತಡವರಿಸಿದ. "ಹಂದಿ... ನಿಂದು."

ನಾನೂ ತೊಟ್ಟಿಗೆ ಕೈ ಹಾಕಿದೆ. ಒಂದೊಂದೇ ತುಂಡನ್ನು ತೆಗೆದು, ಅವನ ಕಣ್ಣೆದುರೇ ಬಾನಿಯ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದೆ. ಬಾನಿಯನ್ನು ಅವನ ಕಾಲ ಬಳಿ ಕುಕ್ಕಿದೆ.

"ತಗೊಂಡ್ಹೋಗಿ ನಿಮ್ ರಾಜನ ಉಪ್ಪು! ಒಂದು ಹರಳೂ ಇಟ್ಕೊಂಡಿಲ್ಲ."

ಸಾಕ್ಷಿಗೆ ಬೇಕೆಂದು ನಿಜವಾಗಿಯೂ ಅದನ್ನು ಹೊತ್ತುಕೊಂಡು ಹೋದರು, ದಾರಿಯುದ್ದಕ್ಕೂ ಚೆಲ್ಲಿಕೊಂಡು.

ತೊಳೆದ ಮಾಂಸ ಇನ್ನೆಷ್ಟು ದಿನ ತಡೆದೀತು? ಮಾವ ಕೋಲು ಹುಡುಕತೊಡಗಿದರು. "ನಾನೇ ಆಚೆ ಹೋಗಿ ಉಪ್ಪು ತರ್ತೀನಿ ಕಣಮ್ಮಾ."

"ಸುಮ್ನಿರಿ ಮಾವ. ಒಬ್ರು ಹೋಗಿದ್ದು ಸಾಲ್ದಾ? ಉಪ್ಪು ಹಂದಿ ಹತ್ರ ಬರಬಾರ್ದು ತಾನೆ? ಹಂದೀನೇ ಉಪ್ಪಿನ ಹತ್ರ ಹೋಗ್ಲಿ."

ಮಾಂಸವನ್ನು ಕೈಗಾಡಿಗೆ ತುಂಬಿ, ನಡುಮಧ್ಯಾಹ್ನ ನಾಲ್ವರೂ ಹೊಳೆಯ ಸೇತುವೆಗೆ ಹೋದೆವು. ಅಲ್ಲೂ ಲಾಂಬೇರನೇ. ಗಾಡಿಯನ್ನು ನೋಡಿ ಹಲ್ಲು ಕಿರಿದ.

"ಹೋಗು ಹೋಗು. ಆದ್ರೆ ಉಪ್ಪು ಹಾಕಿದ ಮಾಂಸ ವಾಪಸ್ ತಂದ್ರೂ ಅದು ಕಳ್ಳಸಾಗಣೆನೇ, ತಿಳ್ಕೋ."

"ವಾಪಸ್ ಬಂದ್ರೆ ತಾನೆ?"

ಹಾಗೆ ಹೇಳಬೇಕೆಂದು ಮನೆಯಿಂದ ಹೊರಟವಳಲ್ಲ. ಆದರೆ ಹೇಳಿದ ಮೇಲೆ ಅದೇ ಸರಿ ಎನಿಸಿತು. ಮಕ್ಕಳ ಕೈ ಹಿಡಿದೆ. ಮಾವ ಮಾತ್ರ ಸೇತುವೆಯ ನಡುವೆ ನಿಂತುಬಿಟ್ಟರು.

"ನಾನು ಬರಲ್ಲ ಮಗಳೇ. ನನ್ ಮಗ ವಾಪಸ್ ಬಂದ್ರೆ ಬಾಗಿಲು ತೆಗೆಯೋಕೆ ಯಾರಾದ್ರೂ ಬೇಡ್ವಾ?"

ಅವರನ್ನೂ ಬೈದೆ. ಬಾಯಿಗೆ ಬಂದಂತೆ ಬೈದೆ. ಕದಲಲಿಲ್ಲ ಮುದುಕ.

ಆಚೆ ದಡದ ರೈತನೊಬ್ಬ ದನದ ಕೊಟ್ಟಿಗೆಯಲ್ಲಿ ಜಾಗ ಕೊಟ್ಟ. ಹಂದಿಗೆ ಮನಸಾರೆ ಉಪ್ಪು ತಿಕ್ಕಿದೆ. ಮಾವನಿಗೆ ಮಾತ್ರ ಒಂದು ಚೂರನ್ನೂ ಕಳಿಸುವಂತಿರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಪೂಜೆ ಮುಗಿಸಿ ಅವರೇ ಬರುತ್ತಿದ್ದರು. ವಾರಕ್ಕಾಗುವಷ್ಟು ಉಂಡು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು.

ಒಂದು ಭಾನುವಾರ ಅವರನ್ನು ಬಿಡಲು ಸೇತುವೆಯವರೆಗೆ ಹೋದೆ. ಲಾಂಬೇರ್ ಅವರ ಟೋಪಿ ಕಿತ್ತು ನೋಡಿದ, ಮರದ ಪಾದರಕ್ಷೆ ಕಳಚಿಸಿದ, ಕಂಕುಳಲ್ಲಿ ಕೈಯಾಡಿಸಿದ. ಎಪ್ಪತ್ತು ದಾಟಿದ ಮನುಷ್ಯ, ಹಿಮದಲ್ಲಿ ಬರಿಗಾಲಲ್ಲಿ ನಿಂತಿದ್ದರು. ಅವನನ್ನು ಹೊಳೆಗೆ ನೂಕಬೇಕೆನಿಸಿತು ನನಗೆ.

"ಏನೂ ಇಲ್ಲ, ನಡಿ," ಎಂದ ಲಾಂಬೇರ್.

"ಇದೆ ಕಣೋ," ಎಂದರು ಮಾವ. "ಹೊಟ್ಟೆ ತುಂಬಾ ಇದೆ. ಉಪ್ಪು ಹಾಕಿದ ಮಾಂಸ. ಸೀಳಿ ತಗೊಂಡು ನಿನ್ ರಾಜನಿಗೆ ಕಳಿಸು."

ಹೀಗೆಂದವರೇ ಹಲ್ಲಿಲ್ಲದ ಬಾಯನ್ನು ಅವನ ಮುಖಕ್ಕೆ ಹಿಡಿದು ಅಗಲವಾಗಿ ತೆರೆದರು. ಅವನು ಮುಖ ತಿರುಗಿಸಿ ದಾರಿ ಬಿಡುವವರೆಗೂ ಮುಚ್ಚಲಿಲ್ಲ.