ಅರ್ಧ ತೊಟ್ಟಿ ನೀರು

ಇದ್ವಲ್ ಹೋದ ಸುದ್ದಿ ಬಂದಾಗ ಅವನ ಹೆಂಡತಿ ಎಲಿನೆಡ್, ಅವನ ಚಹಾಕ್ಕೆಂದು ಒಣದ್ರಾಕ್ಷಿ ರೊಟ್ಟಿ ಕೊಯ್ದು ಬೆಣ್ಣೆ ಹಚ್ಚುತ್ತಿದ್ದಳು. ನೆರೆಯ ಟೆಗಿಡ್ ಬೂಟು ಕಳಚದೆ ಅಡುಗೆಮನೆಗೆ ಬಂದ. ಮೂವತ್ತು ವರ್ಷದಲ್ಲಿ ಅವನು ಹಾಗೆ ಬಂದದ್ದಿಲ್ಲ. ಅವಳಿಗೆ ಅಷ್ಟಕ್ಕೇ ತಿಳಿದುಹೋಯಿತು.

"ಕೂತ್ಕೋ ಅಕ್ಕಾ. ಮೇಲಿನ ಇಳಿಜಾರಲ್ಲಿ ಅವನ ಬಗ್ಗಿ ಗಾಡಿ ಮಗುಚಿದೆ. ನಾನು ಹೋಗೋಷ್ಟರಲ್ಲಿ ಮುಗಿದಿತ್ತು."

ಆ ಬೇಸಿಗೆ ಗುಡ್ಡದ ಒರತೆ ಬತ್ತಿತ್ತು. ಗುಡ್ಡ ಹತ್ತುವ ಆ ಪುಟ್ಟ ಮೋಟಾರು ಬಗ್ಗಿಯ ಹಿಂದೆ ಟ್ರೇಲರ್ ಕಟ್ಟಿ, ನಾನೂರು ಲೀಟರಿನ ತೊಟ್ಟಿಯಲ್ಲಿ ಕುರಿಗಳಿಗೆ ನೀರು ಒಯ್ಯಬೇಕಾಗಿತ್ತು. ಇದ್ವಲ್ ತೊಟ್ಟಿಯನ್ನು ಬಾಯಿಮಟ್ಟ ತುಂಬಿಸಿ, ನಡೆದು ಹೋಗುವವರಿಗಿಂತ ನಿಧಾನವಾಗಿ ಹತ್ತಿಸುತ್ತಿದ್ದ. ಏರಿನಲ್ಲಿ ಎಂಜಿನ್ ನರಳುವುದು ಕೇಳಿ ಎಲಿನೆಡ್‌ಗೆ ದಿನವೂ ಎದೆ ಹೊಡೆದುಕೊಳ್ಳುತ್ತಿತ್ತು. ಅಂದು ಬೆಳಗ್ಗೆ ಅವಳೇ ಅಂಗಳಕ್ಕೆ ಹೋಗಿ ನಲ್ಲಿ ನಿಲ್ಲಿಸಿದ್ದಳು.

"ಅರ್ಧ ಸಾಕು. ಹಗುರಾಗಿ ಎರಡು ಸಲ ಹೋಗಿ ಬಾ."

"ನನ್ನ ತಟ್ಟೇಲಿ ಪುಡಿಂಗ್ ಅರ್ಧ ಮಾಡಿದ್ದಾಯ್ತು. ಈಗ ಕುರಿ ನೀರಿಗೂ ಬಂದ್ಯಾ?"

"ಎಪ್ಪತ್ತೆರಡಾಯ್ತು ನಿಂಗೆ. ಒಂದ್ಸಲನಾದ್ರೂ ನನ್ನ ಮಾತು ಕೇಳೋ, ಮುದುಕಾ."

ಅವನು ಏನೋ ಹೇಳಲು ಹೊರಟು, ಅವಳ ಮುಖ ನೋಡಿ ನಕ್ಕುಬಿಟ್ಟ. ಅರ್ಧ ತೊಟ್ಟಿಯನ್ನೇ ಎಳೆದುಕೊಂಡು ಹೋದ.

ಮಣ್ಣು ಮಾಡಿದ ಮರುದಿನ ಟೆಗಿಡ್ ತನ್ನ ಬಗ್ಗಿಗೆ ಟ್ರೇಲರ್, ತೊಟ್ಟಿ ಕಟ್ಟಿ ತಂದ. ಮನೆಯಲ್ಲಿ ಸಾವಾಗಿದ್ದರೂ ಕುರಿಗಳಿಗೆ ಬಾಯಾರುತ್ತದೆ. ತೊಟ್ಟಿಗೆ ನೀರು ಬಿಡುತ್ತ ಅವನು ಹೇಳಿದ: "ಒಂದು ಮಾತ್ರ ಅರ್ಥ ಆಗ್ಲಿಲ್ಲ ಅಕ್ಕಾ. ಅರ್ಧ ತೊಟ್ಟಿ ಯಾಕೆ ಒಯ್ದ? ತುಂಬಿದ್ರೆ ನೀರು ಅಲ್ಲಾಡಲ್ಲ. ಅರ್ಧ ಇದ್ರೆ ಓರೆ ಜಾಗದಲ್ಲಿ ಎಲ್ಲಾ ಒಂದೇ ಪಕ್ಕಕ್ಕೆ ನುಗ್ಗಿ, ಟ್ರೇಲರ್ ಜೊತೆ ಬಗ್ಗೀನೂ ಎಳ್ಕೊಂಡು ಹೋಗುತ್ತೆ. ನಂಗೆ ಇದನ್ನ ಕಲಿಸಿದವನೇ ಅವನು."

ಹಾಗಾದರೆ ಅವನಿಗೆ ಗೊತ್ತಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಲಿನೆಡ್ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅರ್ಧ ಸಾಕು ಅಂದವಳು ನಾನು, ಟೆಗಿಡ್. ನಲ್ಲಿ ನಿಲ್ಲಿಸಿದ್ದೂ ನಾನೇ. ನನ್ನ ಹೆದರಿಕೆಗೆ ಅವನು ಹೂಂ ಅಂದ."

ಟೆಗಿಡ್ ನಲ್ಲಿಯನ್ನು ಇನ್ನಷ್ಟು ತಿರುಗಿಸಿದ. "ಅವನು ಸೀಟಿನ ಪಟ್ಟಿ ಹಾಕಿರ್ಲಿಲ್ಲ ಅಕ್ಕಾ. ಅದೂ ಇದೆ."

"ಇರಬಹುದು. ನೀನು ಹಾಕ್ಕೋ."

ನೀರು ಬಾಯಿಮಟ್ಟ ಬಂತು. ಅವಳು ಪಕ್ಕದ ಸೀಟಿಗೆ ಹತ್ತಿ ತನ್ನ ಪಟ್ಟಿಯನ್ನೂ ಬಿಗಿದಳು. ಟೆಗಿಡ್ ಓರೆಯಾಗಿ ಹೋಗದೆ ನೇರವಾಗಿ, ನಿಧಾನವಾಗಿ ಹತ್ತಿಸಿದ. ಹಿಂದೆ ನೀರಿನ ಸದ್ದೇ ಇರಲಿಲ್ಲ.

ಬಗ್ಗಿ ಮಗುಚಿ ಹುಲ್ಲು ಕಿತ್ತುಹೋದ ಜಾಗದಲ್ಲಿ ಅವಳು ಇಳಿದಳು. ಸತ್ತವರಿಗೆ ನಮ್ಮ ಪ್ರಾರ್ಥನೆ ಬೇಕಿಲ್ಲ ಎಂದು ಅವಳೂರಿನ ಪುಟ್ಟ ಚರ್ಚಿನಲ್ಲಿ ಕಲಿಸುತ್ತಾರೆ. ಆದರೂ ಅವಳು ಮೊಣಕಾಲೂರಿದಳು.

"ಕರ್ತನೇ, ಅವನು ನನ್ನ ಮಾತು ಕೇಳಿ ನಿನ್ನಲ್ಲಿಗೆ ಬಂದಿದ್ದಾನೆ. ನನ್ನನ್ನು ಕ್ಷಮಿಸು. ಅವನ ಭಾರವನ್ನೆಲ್ಲ ಇಳಿಸಿ, ನಿನ್ನ ಬಳಿ ಶಾಂತಿಯಿಂದ ಇರಿಸಿಕೋ. ಆಮೆನ್."